ಸಾಮಾನ್ಯರಾಯರ ನಲವತ್ತೊಂದು ಕೋಣೆಗಳು

ಮಾರ್ಚ್ ಹನ್ನೊಂದು, ಮಂಗಳವಾರ
ಸಂಜೆ, ಮನೆಯ ಹಿಂದಿನ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಿನ್ನ ಮೂರು ಪತ್ರಗಳೂ ಬಂದಿವೆ. ಮೂರಕ್ಕೂ ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು, ಕ್ಷಮಿಸು. ಮೊದಲನೆಯದಕ್ಕೆ ಕೆಲಸದ ನೆಪವಿತ್ತು, ಎರಡನೆಯದಕ್ಕೆ ಸೋಮಾರಿತನ, ಮೂರನೆಯದು ಬಂದಾಗ ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಭಾವನ ಮೊಣಕಾಲು ನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ದೊಡ್ಡವಳು ಈಜು ಕಲಿಯುತ್ತಿದ್ದಾಳೆಂದು ಬರೆದಿದ್ದೀಯ. ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆಗೆ ತಲೆನೋವು ಬರುತ್ತದೆ ಎಂದು ಅವಳು ಹೇಳಿದರೆ, ಅದನ್ನು ಕಳ್ಳಾಟ ಎಂದುಕೊಳ್ಳಬೇಡ. ಇಲ್ಲಿ ನಾನು ಚೆನ್ನಾಗಿದ್ದೇನೆ. ಸುಮ್ಮನೆ ಪತ್ರಕ್ಕೆ ಬರೆಯುವ ಚೆನ್ನಾಗಿ ಅಲ್ಲ, ಹಾಲು ಕುಡಿದಷ್ಟು ಸಂತೋಷವಾಗಿದ್ದೇನೆ. ಕಾರಣ ಕೇಳಿದರೆ ನೀನು ನನ್ನನ್ನು ಕೆಟ್ಟವಳು ಅನ್ನಬಹುದು. ಧಾರಾಳವಾಗಿ ಅನ್ನು.

ವಿಷಯ ಇಷ್ಟು. ನನ್ನನ್ನು ಒಂಬತ್ತು ತಿಂಗಳು ಮೂಲೆಗೆ ಕೂರಿಸಿದ ಮನುಷ್ಯನನ್ನು ನಾನು ಹತ್ತು ವಾರ ಕುರ್ಚಿಗೆ ಕೂರಿಸಿದೆ. ನಲವತ್ತೊಂದು ಕುರ್ಚಿ, ಒಂದೊಂದರಲ್ಲಿ ಒಂದೊಂದು ಗಂಟೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ನಿನಗೇ ಮೊದಲು ಹೇಳಬೇಕೆಂದು ಇಟ್ಟುಕೊಂಡಿದ್ದೆ. ಬರುವ ಒಂದನೇ ತಾರೀಖಿಗೆ ನಾನು ಮತ್ತೆ ಯಂತ್ರಗಳ ಹತ್ತಿರ ಹೊರಡಬೇಕು. ಅಂದು ಹೊರಡದಿದ್ದರೆ ನನ್ನನ್ನು ಕಾಯಂ ಆಗಿ ಮೇಜಿನ ಕೆಲಸಕ್ಕೆ ಹಾಕುತ್ತಾರೆ, ಆ ಆದೇಶ ಬರೆದು ಇಟ್ಟಾಗಿದೆ. ಮೇಜಿನ ಮುಂದೆ ಇನ್ನೊಂದು ವರ್ಷ ಕೂತರೆ ನಾನು ಯಾತಕ್ಕೂ ಬಾರದವಳಾಗುತ್ತೇನೆ ಅಕ್ಕ.

ನನ್ನ ಕೆಲಸ ಏನೆಂದು ನೆಂಟರು ಕೇಳಿದಾಗಲೆಲ್ಲ ನೀನು "ಯಾವುದೋ ಕಂಪನಿಯಲ್ಲಿ ಎಂಜಿನಿಯರ್" ಎಂದು ಮುಗಿಸಿಬಿಡುತ್ತೀಯ. ನಾನು ಬೇರಿಂಗ್ ಕೇಳುವವಳು. ದೊಡ್ಡ ಪಂಪು, ದೊಡ್ಡ ಫ್ಯಾನು ತಿರುಗುತ್ತಿರುವಾಗ ಅದರ ಮೈಗೆ ಒಂದು ಉಕ್ಕಿನ ಸರಳು ಹಚ್ಚಿ, ಇನ್ನೊಂದು ತುದಿಗೆ ಕಿವಿ ಕೊಡುತ್ತೇನೆ. ಒಳಗೆ ತಿರುಗುವ ಗುಂಡುಗಳಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಗೀರು ಬಿದ್ದಿದ್ದರೂ ನನಗೆ ಗೊತ್ತಾಗುತ್ತದೆ. ಅಳತೆಯ ಉಪಕರಣಗಳು ಬಂದಿವೆ, ಅವೂ ಹೇಳುತ್ತವೆ, ಆದರೆ ನನಗಿಂತ ಹದಿನೈದು ದಿನ ತಡವಾಗಿ. ಕಾರ್ಖಾನೆಗಳಲ್ಲಿ ನನ್ನನ್ನು ಕಿವಿಯಮ್ಮ ಎಂದು ಕರೆಯುತ್ತಾರೆ. ಆ ಹೆಸರು ನನಗೆ ಇಷ್ಟ.

ಆದರೆ ಈ ಕಿವಿಗೆ ಮುಚ್ಚಳವಿಲ್ಲ. ಹಗಲೆಲ್ಲ ಕಂಪನಿಗಾಗಿ ಕೇಳಿದ ಮೇಲೆ ಎರಡು ಗಂಟೆ ಕತ್ತಲೆ ಮತ್ತು ಸದ್ದಿಲ್ಲದ ಜಾಗ ಸಿಗದಿದ್ದರೆ ಮರುದಿನ ನಾನು ಕೆಲಸಕ್ಕಿರಲಿ, ಮಾತಿಗೂ ಸಿಗುವುದಿಲ್ಲ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಡಾಕ್ಟರು ಇದಕ್ಕೆ ಆಟಿಸಂ ಎಂದು ಬರೆದುಕೊಟ್ಟರು. ಆಗ ನಿನಗೆ ಬರೆದಿದ್ದೆ. "ಈ ವಯಸ್ಸಿಗೆ ಹೊಸ ಹೆಸರು ಯಾಕೆ" ಎಂದು ಉತ್ತರ ಬಂದಿತ್ತು. ಹೆಸರು ಮಾತ್ರ ಹೊಸದು, ಅದು ಕಾಯಿಲೆಯಲ್ಲ, ನಾನು ಹಳಬಳೇ.

ಡಾಕ್ಟರ ಕಾಗದ ನೋಡಿ ಕಂಪನಿ ಒಂದು ಫಾರಂ ಕೊಟ್ಟಿತು. ಪ್ರವಾಸಕ್ಕೆ ಹೋದಾಗ ಎಂಥ ಕೋಣೆ ಬೇಕು ಎಂದು ಬರೆಯುವ ಫಾರಂ. ನಾನು ಆರೇ ಆರು ಸಾಲು ಬರೆದೆ. ಲಿಫ್ಟಿನಿಂದ ದೂರ ಇರಲಿ. ಸುವಾಸನೆ ಸಿಂಪಡಿಸಬೇಡಿ. ಫ್ರಿಡ್ಜಿನ ಪ್ಲಗ್ ಕೈಗೆ ಸಿಗುವಂತಿರಲಿ. ಪರದೆ ದಪ್ಪಗಿರಲಿ. ಪ್ರತಿ ಸಲ ಅದೇ ಕೋಣೆ ಆದರೆ ಒಳ್ಳೆಯದು. ನಾನು ಬಾಗಿಲು ಹಾಕಿಕೊಂಡಾಗ ಯಾರೂ ತೆರೆಯಬೇಡಿ. ರಾಜಮಹಲು ಕೇಳಲಿಲ್ಲ. ಪ್ರವಾಸ ವಿಭಾಗದ ಮುಖ್ಯಸ್ಥರು ಆ ಆರು ಸಾಲಿನ ಕೆಳಗಿದ್ದ ಎರಡು ಚೌಕಗಳಲ್ಲಿ "ವಿಶೇಷ" ಎಂಬುದನ್ನು ಬಿಟ್ಟು "ಸಾಮಾನ್ಯ" ಎಂಬುದಕ್ಕೆ ಟಿಕ್ ಹಾಕಿದರು. ಅಂದಿನಿಂದ ನನ್ನ ಬಾಯಲ್ಲಿ ಅವರ ಹೆಸರು ಸಾಮಾನ್ಯರಾಯರು.

ಮುಂದೆ ನಡೆದದ್ದನ್ನು ನಿನಗೆ ಪೂರ್ತಿಯಾಗಿ ಯಾವತ್ತೂ ಬರೆದಿರಲಿಲ್ಲ. ನಾಚಿಕೆಯಾಗಿತ್ತು.

ಕಾಗದದ ಕಾರ್ಖಾನೆಯಲ್ಲಿ ಬೆಳಿಗ್ಗೆ ಏಳರಿಂದ ಹದಿನೆಂಟು ಪಂಪುಗಳನ್ನು ಕೇಳಿ ಮಧ್ಯಾಹ್ನ ನಾಲ್ಕಕ್ಕೆ ಹೋಟೆಲಿಗೆ ಬಂದೆ. ಕೊಟ್ಟಿದ್ದ ಕೋಣೆ ಲಿಫ್ಟಿಗೆ ಅಂಟಿಕೊಂಡಿತ್ತು. ಎದುರಿಗೆ ಐಸ್ ಮಾಡುವ ಯಂತ್ರ, ಎರಡು ನಿಮಿಷಕ್ಕೊಮ್ಮೆ ಬಕೆಟ್ಟಿಗೆ ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. ಬಾಗಿಲು ತೆರೆದರೆ ಹೂವೋ ಹಣ್ಣೋ ತಿಳಿಯದ ಘಾಟು, ಸ್ವಾಗತಕ್ಕೆಂದು ಆಗಷ್ಟೇ ಸಿಂಪಡಿಸಿದ್ದರು. ಕೆಳಗಿಳಿದು ಬೇರೆ ಕೋಣೆ ಕೇಳಿದೆ. ಕೌಂಟರಿನಲ್ಲಿದ್ದಾಕೆ ಕಂಪ್ಯೂಟರ್ ನೋಡಿ, "ನಿಮ್ಮ ಆಫೀಸಿನವರು ಸಾಮಾನ್ಯ ಅಂತ ಹಾಕಿದ್ದಾರಲ್ಲ ಮೇಡಂ, ಬದಲಾಯಿಸಬೇಕಾದ್ರೆ ಅವರೇ ಹೇಳ್ಬೇಕು" ಎಂದಳು. ಆಫೀಸಿಗೆ ಫೋನ್ ಮಾಡಿದೆ. ರಾಯರು ಮೀಟಿಂಗಿನಲ್ಲಿದ್ದರು.

ಮೇಲೆ ಹೋಗಿ ಫ್ರಿಡ್ಜಿನ ಪ್ಲಗ್ ಕಿತ್ತೆ. ಮಂಚದ ಮೇಲಿನ ಹೊದಿಕೆಯನ್ನು ಕಿಟಕಿಗೆ ಕಟ್ಟಿದೆ. ಕೆಂಪು ದೀಪ ಮಿಣುಕುತ್ತಿದ್ದ ಫೋನನ್ನು ಟವಲಿನಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ಆಮೇಲೂ ಲಿಫ್ಟು ತಲೆಯೊಳಗೇ ಹತ್ತಿ ಇಳಿಯುತ್ತಿತ್ತು. ಕೊನೆಗೆ ದಿಂಬು ತೆಗೆದುಕೊಂಡು ಬಟ್ಟೆ ಬೀರುವಿನೊಳಗೆ ಕೂತು ಬಾಗಿಲು ಎಳೆದುಕೊಂಡೆ. ಅದು ಒಳ್ಳೆಯ ಬೀರು, ದಪ್ಪ ಮರದ್ದು. ಹತ್ತು ನಿಮಿಷದಲ್ಲಿ ನನ್ನ ಉಸಿರು ನನಗೆ ಸಿಕ್ಕಿತು.

ಆ ಹೋಟೆಲಿನಲ್ಲಿ ಒಂದು ಪದ್ಧತಿ. ಸಂಜೆ ಐದಕ್ಕೆ ಪ್ರತಿ ಅತಿಥಿಗೂ ಫೋನ್ ಮಾಡಿ "ಎಲ್ಲಾ ಅನುಕೂಲವಾಗಿದೆಯಾ" ಎಂದು ಕೇಳುತ್ತಾರೆ. ಮೂರು ಸಲ ಎತ್ತದಿದ್ದರೆ ಏನೋ ಆಗಿದೆ ಎಂದು ತಮ್ಮ ಕೀಲಿಯಿಂದ ಬಾಗಿಲು ತೆರೆಯುತ್ತಾರೆ. ತೆರೆದರು. ಕತ್ತಲೆ ಕೋಣೆ, ಕಿಟಕಿಗೆ ಹೊದಿಕೆ, ಒಬ್ಬರೂ ಇಲ್ಲ. ಮ್ಯಾನೇಜರು, ಕಾವಲುಗಾರ, ಕೋಣೆ ಗುಡಿಸುವಾಕೆ, ಟಾರ್ಚು ಹಿಡಿದ ಎಲೆಕ್ಟ್ರಿಷಿಯನ್, ನಾಲ್ವರೂ ಸೇರಿ ಬೀರು ತೆರೆದು ನನ್ನ ಮುಖಕ್ಕೆ ಬೆಳಕು ಬಿಟ್ಟರು. ನಾನು ಕಿರುಚಿದೆ. ಕಾವಲುಗಾರ ನನ್ನನ್ನು ಎಬ್ಬಿಸಲು ತೋಳು ಹಿಡಿದ. ಅವನ ಕೈ ಕಚ್ಚಿದೆ ಅಕ್ಕ. ರಕ್ತ ಬರಲಿಲ್ಲ, ಆದರೆ ಹಲ್ಲಿನ ಗುರುತು ಬಿತ್ತು. ಪಾಪ, ಅವನು ಒಳ್ಳೆಯವನೇ, ನನಗಿಂತ ಹೆಚ್ಚು ಹೆದರಿದ್ದ.

ವಿಚಾರಣೆ ನಡೆಯಿತು. ಹೋಟೆಲಿನವರ ವರದಿಯಲ್ಲಿ "ಅತಿಥಿಯು ಬೀರುವಿನಲ್ಲಿ ಅಡಗಿದ್ದರು" ಎಂದಿತ್ತು. ಆಫೀಸಿನಲ್ಲಿ ಬೀರು ಮೇಡಂ ಎಂಬ ಹೆಸರು ಹುಟ್ಟಿ ಒಂದೇ ವಾರದಲ್ಲಿ ಮೂರು ಮಹಡಿ ಹತ್ತಿತು. ಕ್ಯಾಂಟೀನಿನಲ್ಲಿ ಯಾರಾದರೂ ಕಪಾಟು ತೆರೆದರೆ "ಮೆಲ್ಲಗೆ, ಒಳಗಡೆ ಯಾರಾದ್ರೂ ಇರ್ತಾರೆ" ಎನ್ನುವರು. ನಮ್ಮ ರಾಯರು ವಿಚಾರಣೆಯಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೂರಾರು ಜನ ಅದೇ ರೂಮಲ್ಲಿ ನಿದ್ದೆ ಮಾಡಿ ಎದ್ದು ಬಂದಿದ್ದಾರೆ. ಹೋಟೆಲ್ ಅಂದ್ರೆ ಯಾರ ತವರುಮನೆಯೂ ಅಲ್ಲ." ನನ್ನ ಕಡತದ ಮೇಲೆ "ಪ್ರವಾಸಕ್ಕೆ ಅನರ್ಹ" ಎಂದು ಮುದ್ರೆ ಒತ್ತಿದರು. ಬೇರೆಯವರು ತಂದ ಗ್ರಾಫುಗಳಿಗೆ ಸಹಿ ಹಾಕುವ ಮೇಜು ಕೊಟ್ಟರು. ಪಕ್ಕದಲ್ಲೇ ಝೆರಾಕ್ಸ್ ಯಂತ್ರ.

ಆ ಒಂಬತ್ತು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಕಾಯುವುದು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ತಾಳಿದವನು ಬಾಳಿಯಾನು ಎಂದು ನೀನು ಬರೆಯುತ್ತಿದ್ದೆ. ನಾನು ತಾಳಿದ್ದು ಬಾಳುವುದಕ್ಕಲ್ಲ.

ಹತ್ತನೆಯ ತಿಂಗಳಲ್ಲಿ ಅದೇ ಕಾಗದದ ಕಾರ್ಖಾನೆಯ ಹನ್ನೊಂದನೇ ಪಂಪು ಬಿಗಿದುಕೊಂಡು ನಿಂತಿತು. ನನ್ನ ಬದಲಿಗೆ ಹೋಗುತ್ತಿದ್ದ ಇಬ್ಬರೂ ಅದಕ್ಕೆ "ಸರಿಯಿದೆ" ಎಂದು ಬರೆದಿದ್ದರು, ಗ್ರಾಫಿಗೆ ಸಹಿ ಹಾಕುವಾಗ "ನನಗೆ ಅನುಮಾನವಿದೆ" ಎಂದು ನಾನು ಬರೆದದ್ದನ್ನು ಯಾರೂ ಓದಿರಲಿಲ್ಲ. ಕಾರ್ಖಾನೆ ಆರು ದಿನ ನಿಂತಿತು. ಅಲ್ಲಿಯ ಮುಖ್ಯ ಎಂಜಿನಿಯರು ನಮ್ಮ ದೊಡ್ಡ ಮೇಡಂಗೆ ಫೋನ್ ಮಾಡಿ, "ನಿಮ್ಮ ಮಿಷನ್ನು, ಗ್ರಾಫು ಎಲ್ಲ ನೀವೇ ಇಟ್ಕೊಳ್ಳಿ, ಆ ಕಿವಿಯಮ್ಮನ್ನ ಕಳ್ಸಿ" ಎಂದರಂತೆ. ದೊಡ್ಡ ಮೇಡಂ ಎಂದರೆ ನಮ್ಮ ಕಂಪನಿಯ ಒಡತಿ, ಅರವತ್ತರ ಹೆಂಗಸು, ಒಂದು ಮಾತನ್ನು ಎರಡು ಸಲ ಹೇಳುವವರಲ್ಲ.

ನನ್ನನ್ನು ಕರೆದರು. ರಾಯರೂ ಕೂತಿದ್ದರು. "ಮತ್ತೆ ಹೊರಡೋಕೆ ಏನು ಬೇಕು ಹೇಳಿ" ಎಂದರು. ನಾನು ಒಂಬತ್ತು ತಿಂಗಳು ಬರೆದು ತಿದ್ದಿದ್ದ ಎರಡು ಹಾಳೆ ಮುಂದಿಟ್ಟೆ. ನನಗೊಬ್ಬಳಿಗೆ ಅಲ್ಲ, ಕೇಳಿದ ಯಾರಿಗಾದರೂ ಸಿಗಬೇಕಾದ ಕೋಣೆಯ ನಿಯಮಗಳು. ನಕ್ಷೆ ವಿಭಾಗದಲ್ಲಿ ಒಬ್ಬರಿದ್ದಾರೆ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಅಕ್ಷರ ಓದಲಾರರು, ಪ್ರವಾಸಕ್ಕೆ ಹೋದಲ್ಲೆಲ್ಲ ಸೂಟ್‌ಕೇಸಿನಲ್ಲಿ ತಮ್ಮದೇ ಬಲ್ಬು ಒಯ್ಯುತ್ತಾರೆ. ಕೇಳಿದರೆ ಕಣ್ಣಿನ ಆಪರೇಷನ್ ಆಗಿದೆ ಎಂದು ಸುಳ್ಳು ಹೇಳುತ್ತಾರೆ. ನಮ್ಮಂಥವರು ಇನ್ನೆಷ್ಟು ಜನರೋ, ಬಾಯಿಬಿಟ್ಟು ಬೀರು ಮೇಡಂ ಆದವಳು ನಾನೊಬ್ಬಳು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಮೇಡಂ" ಎಂದರು ರಾಯರು ಹಾಳೆ ನೋಡಿ.

"ಫಾರಮ್ಮಿಗೆ ಸಾಮಾನ್ಯ ಅಂತ ಟಿಕ್ ಹಾಕಿದ್ದು ಯಾಕೆ?" ಎಂದು ದೊಡ್ಡ ಮೇಡಂ ಅವರನ್ನೇ ಕೇಳಿದರು.

ರಾಯರು ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿದರು. "ನನ್ನ ತಪ್ಪೇ" ಎಂದರು. ಅವರು ತಗ್ಗಿದ್ದು ಕಂಡು ನನಗೆ ಇನ್ನಷ್ಟು ಹುರುಪು ಬಂತು.

ನನ್ನ ಹಾಳೆಯ ಕೊನೆಯ ನಿಯಮ ಹೀಗಿತ್ತು. ಕಂಪನಿ ಬಳಸುವ ಪ್ರತಿ ಹೋಟೆಲಿನ ಕೋಣೆಯಲ್ಲೂ ಒಬ್ಬರು ಒಂದು ಗಂಟೆ ಒಂಟಿಯಾಗಿ ಕೂರಬೇಕು. ಫೋನ್ ಇಲ್ಲ, ಟಿವಿ ಇಲ್ಲ, ಓದುವಂತಿಲ್ಲ, ಮಲಗುವಂತಿಲ್ಲ. ಕಿವಿಗೆ ಬಿದ್ದದ್ದು, ಮೂಗಿಗೆ ಬಡಿದದ್ದು, ಕಣ್ಣಿಗೆ ಚುಚ್ಚಿದ್ದು ಎಲ್ಲವನ್ನೂ ಬರೆಯಬೇಕು. ಬರೆದದ್ದನ್ನು ಒಪ್ಪುವುದು ಬಿಡುವುದು ನನಗೆ ಸೇರಿದ್ದು.

"ಯಾರು ಕೂರೋದು?" ಎಂದರು ದೊಡ್ಡ ಮೇಡಂ.

"ಟಿಕ್ ಹಾಕೋರೇ ಕೂರ್ಲಿ" ಎಂದೆ.

ರಾಯರ ಮುಖ ಹರಳೆಣ್ಣೆ ಕುಡಿದಂತಾಯಿತು. ಅಕ್ಕ, ಆ ಮುಖವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು ಅನ್ನಿಸಿತು.

ಊಟಕ್ಕೆ ಏಳುತ್ತೇನೆ. ಉಳಿದದ್ದು ನಾಳೆ.

ಬುಧವಾರ, ಬೆಳಿಗ್ಗೆ

ರಜೆ ಹಾಕಿದ್ದೇನೆ. ಪಕ್ಕದ ಮನೆಯವರು ಕಾರು ತೊಳೆಯುತ್ತಿದ್ದಾರೆ, ನೀರಿನ ಪೈಪು ಮಾತ್ರ, ಅದು ತಡೆಯಬಹುದಾದ ಸದ್ದು.

ರಾಯರ ಮೊದಲ ವರದಿ: "ಕೋಣೆ 312. ಶಾಂತವಾಗಿದೆ. ಸಾಮಾನ್ಯ." ನಾನು ಕೆಂಪು ಮಸಿಯಲ್ಲಿ "ಶಾಂತ ಎಂಬುದು ಯಾವ ವಸ್ತುವಿನ ಸದ್ದು?" ಎಂದು ಬರೆದು ವಾಪಸು ಕಳಿಸಿದೆ. ರೈಲಿನಲ್ಲಿ ನಾಲ್ಕು ಗಂಟೆಯ ದಾರಿ. ಮತ್ತೆ ಹೋದರು. ಎರಡನೆಯ ವರದಿ: "ಎ.ಸಿ. ಸದ್ದು ಸ್ವಲ್ಪ." ಸ್ವಲ್ಪ ಎಂದರೆ ಎಷ್ಟು, ಒಂದೇ ಸಮನೆಯೋ ಬಿಟ್ಟು ಬಿಟ್ಟೋ, ಎಂದು ಕೇಳಿ ಮತ್ತೆ ಕಳಿಸಿದೆ. ಮೂರನೆಯ ಸಲ ಹೋಗಿ ಕೂತರು. ಆ ದಿನ ಅವರ ಮಗಳ ಶಾಲೆಯಲ್ಲಿ ನಾಟಕವಿತ್ತಂತೆ. ನನಗೆ ಕನಿಕರ ಬರಲಿಲ್ಲ. ಬರಲಿಲ್ಲವೆಂದು ಸುಳ್ಳಿಲ್ಲದೆ ಬರೆಯುತ್ತಿದ್ದೇನೆ.

ಹತ್ತನೇ ಕೋಣೆಯ ಹೊತ್ತಿಗೆ ಭಾಷೆ ಬದಲಾಯಿತು. "ಫ್ರಿಡ್ಜು ಏಳು ನಿಮಿಷ ಗುಂಯ್ ಎಂದು ಆಮೇಲೆ ನಿಲ್ಲುತ್ತದೆ. ನಿಂತಾಗಲೇ ಅದು ಅಷ್ಟು ಹೊತ್ತು ಇತ್ತೆಂದು ತಿಳಿಯುವುದು." ಇಪ್ಪತ್ತಮೂರನೆಯದರಲ್ಲಿ: "ಬಚ್ಚಲಿನ ದೀಪಕ್ಕೂ ಫ್ಯಾನಿಗೂ ಒಂದೇ ಸ್ವಿಚ್ಚು. ಬೆಳಕು ಬೇಕೆಂದರೆ ಫ್ಯಾನು ಕೇಳಲೇಬೇಕು. ಇದನ್ನು ಮಾಡಿದವರು ಯಾರು?" ಆ ಪ್ರಶ್ನೆಯ ಕೆಳಗೆ ಎರಡು ಗೆರೆ. ನಾನು ಮೇಜಿನ ಹತ್ತಿರ ಒಬ್ಬಳೇ ಕೂತು ನಕ್ಕೆ, ಝೆರಾಕ್ಸ್ ಮಾಡಲು ಬಂದವರು ತಿರುಗಿ ನೋಡಿದರು. ಮೂವತ್ತನಾಲ್ಕರಲ್ಲಿ: "ಪಕ್ಕದ ಕೋಣೆಯವರು ಹ್ಯಾಂಗರನ್ನು ಕಂಬಿಯ ಮೇಲೆ ಎಳೆದರು. ಆರು ಸಲ. ಏಳನೆಯದಕ್ಕೆ ಕಾಯುತ್ತಾ ಕೂತೆ, ಅದು ಬರಲೇ ಇಲ್ಲ."

ಅಷ್ಟು ಹೊತ್ತಿಗೆ ಕೆಲಸವೂ ಆಗುತ್ತಿತ್ತು ಎಂಬುದನ್ನು ಹೇಳಬೇಕು. ಹದಿನಾರು ಹೋಟೆಲುಗಳು ಕೆಲವು ಕೋಣೆಗಳನ್ನು ಬೇರೆಯಾಗಿ ಇಟ್ಟಿವೆ. ಹೊರಡುವ ಮೊದಲೇ ಕೋಣೆಯ ಫೋಟೊ, ಗೇಟಿನಿಂದ ಬಾಗಿಲಿನವರೆಗಿನ ದಾರಿ ಎಲ್ಲ ಕಳಿಸುತ್ತಾರೆ. ಸಂಜೆ ಐದರ ಫೋನಿನ ಬದಲು ಬಾಗಿಲ ಕೆಳಗೆ ಒಂದು ಚೀಟಿ ತೂರಿಸುತ್ತಾರೆ, "ಚೆನ್ನಾಗಿದ್ದೇನೆ" ಎಂದು ಗುರುತು ಹಾಕಿ ವಾಪಸು ತೂರಿಸಿದರೆ ಆಯಿತು, ಯಾರೂ ಒಳಗೆ ಬರುವಂತಿಲ್ಲ. ನಕ್ಷೆಯವರು ಕಳೆದ ತಿಂಗಳು ಮೊದಲ ಸಲ ಬಲ್ಬಿಲ್ಲದೆ ಹೋಗಿ ಬಂದರು. ಆ ಬಲ್ಬನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು. ಒಳ್ಳೆಯ ಕೆಲಸ ಎಂದು ಎಲ್ಲರೂ ಅನ್ನುತ್ತಾರೆ. ಅನ್ನಲಿ. ನಾನು ಅದನ್ನು ಶುರು ಮಾಡಿದ್ದು ಒಳ್ಳೆಯತನದಿಂದಲ್ಲ.

ನಲವತ್ತೊಂದು ಮುಗಿದ ವಾರ ರಾಯರು ನನ್ನ ಮೇಜಿಗೆ ಬಂದರು. ಕಣ್ಣು ಕೆಂಪಗಿತ್ತು. ಕುರ್ಚಿ ಎಳೆಯದೆ ಎತ್ತಿ ಇಟ್ಟುಕೊಂಡು ಕೂತರು, ಅದನ್ನು ಗಮನಿಸಿದೆ.

"ಮೇಡಂ, ಮನೆಯಲ್ಲಿ ಫ್ರಿಡ್ಜು ಹನ್ನೆರಡು ವರ್ಷದಿಂದ ಅದೇ ಜಾಗದಲ್ಲಿದೆ. ಒಂದು ದಿನಾನೂ ಕೇಳಿಸಿರಲಿಲ್ಲ. ಈಗ ಅದೊಂದೇ ಕೇಳಿಸೋದು. ಹೆಂಡತಿ ಊಟ ಮಾಡ್ತಿದ್ರೆ ಚಮಚ ತಟ್ಟೆಗೆ ತಾಗೋದು ಕೇಳಿಸುತ್ತೆ. ಮೊನ್ನೆ ಅವಳ ಮೇಲೆ ರೇಗಿಬಿಟ್ಟೆ. ಇದನ್ನ ನಿಲ್ಲಿಸೋದು ಹೇಗೆ?"

ಪೂರ್ತಿ ನಿಲ್ಲಿಸಲಾಗುವುದಿಲ್ಲ. ಆದರೆ ಉಪಾಯಗಳಿವೆ. ಫ್ರಿಡ್ಜಿನ ಕಾಲಿನ ಕೆಳಗೆ ರಬ್ಬರ್ ತುಂಡು ಇಡಬೇಕು. ಕಿವಿಗೆ ಒಂದೇ ಸಮನೆ ನಡೆಯುವ ಸಣ್ಣ ಸದ್ದನ್ನು ಕೊಟ್ಟು ಉಳಿದದ್ದನ್ನು ಅದರಲ್ಲಿ ಮುಳುಗಿಸಬೇಕು. ಇಂಥವು ಇಪ್ಪತ್ತಾದರೂ ನನಗೆ ಗೊತ್ತು. ನಲವತ್ತು ವರ್ಷದ ಗಳಿಕೆ ಅದು. ಒಂದನ್ನೂ ಹೇಳಲಿಲ್ಲ.

"ಸಾಮಾನ್ಯ ಅಂತ ಬರ್ಕೊಳ್ಳಿ" ಎಂದೆ.

ಅವರು ತಲೆ ಆಡಿಸಿ ಎದ್ದು ಹೋದರು. ಮಾಡಿದ್ದುಣ್ಣೋ ಮಹಾರಾಯ. ಆ ದಿನ ಮನೆಗೆ ನಡೆದುಕೊಂಡೇ ಬಂದೆ, ದಾರಿಯುದ್ದಕ್ಕೂ ನನ್ನ ಮುಖದಲ್ಲಿ ನಗು ಇತ್ತು. ಸೇಡಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವವರು ಯಾರೂ ಸರಿಯಾಗಿ ಹಸಿದು ಕಾದವರಲ್ಲ.

ಇದು ನನ್ನ ಸುದ್ದಿ. ಭಾವನಿಗೆ ನಮಸ್ಕಾರ ಹೇಳು, ಮೊಣಕಾಲಿಗೆ ಬಿಸಿನೀರಿನ ಶಾಖ ಬಿಡಬಾರದೆಂದು ಹೇಳು. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ. ದೊಡ್ಡವಳು ನೀರಿಗೆ ಹೆದರದಿರಲಿ, ಚಿಕ್ಕವನು ನಿನ್ನ ಮಾತು ಕೇಳಲಿ, ಇಬ್ಬರೂ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಲಿ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು.

ಮೂರು ವಾರದ ಹಿಂದೆ, ಅಂದರೆ ನಿನ್ನ ಮೂರನೆಯ ಪತ್ರ ಬಂದ ವಾರ, ಹೊಸ ನಿಯಮಗಳ ಜೊತೆ ಲಗತ್ತಿಸಲು ಬೀರುವಿನ ಪ್ರಕರಣದ ಹಳೆಯ ಕಡತವನ್ನು ನನ್ನ ಮೇಜಿಗೆ ಕಳಿಸಿದರು. ಅದರಲ್ಲಿ ನನ್ನ ಫಾರಮ್ಮಿನ ಹಿಂದುಗಡೆ ರಾಯರ ಕೈಬರಹದ ಒಂದು ಟಿಪ್ಪಣಿ ಪಿನ್ ಮಾಡಿತ್ತು. ಫಾರಮ್ಮಿನಲ್ಲಿ "ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಹೆಸರು, ಫೋನ್" ಎಂಬ ಸಾಲಿತ್ತು, ಅಲ್ಲಿ ನಿನ್ನದನ್ನು ಬರೆದಿದ್ದೆ. ಟಿಪ್ಪಣಿಯಲ್ಲಿ ತಾರೀಖು ಇದೆ, ಮಧ್ಯಾಹ್ನ ಮೂರೂಕಾಲು ಎಂದು ವೇಳೆಯೂ ಇದೆ. ಅವರು ಬರೆದ ಹಾಗೇ ನಕಲು ಮಾಡುತ್ತೇನೆ:

"ಉದ್ಯೋಗಿಯ ಅಕ್ಕನೊಂದಿಗೆ ಮಾತಾಡಿದೆ. ಅವರ ಮಾತು: ಅವಳಿಗೆ ಅಂಥದ್ದೇನೂ ಇಲ್ಲ. ಚಿಕ್ಕಂದಿನಿಂದ ಹಟ. ಅವಳು ಕೇಳಿದ್ದೆಲ್ಲ ಕೊಡಬೇಡಿ, ಎಲ್ಲರನ್ನೂ ಇಡುವಲ್ಲೇ ಇಡಿ, ಒಗ್ಗಿಕೊಳ್ಳುತ್ತಾಳೆ. ಮನೆಯಲ್ಲೂ ನಾವು ಹಾಗೇ ಮಾಡಿದ್ದು."

ಕಾಗದ ಹಿಡಿದುಕೊಂಡು ರಾಯರ ಕೋಣೆಗೆ ಹೋದೆ. ದೊಡ್ಡ ಮೇಡಂ ಕೇಳಿದಾಗ ಇದನ್ನೇಕೆ ತೋರಿಸಲಿಲ್ಲ ಎಂದೆ. "ತೋರಿಸಿದ್ರೆ ನಾನು ಬಚಾವಾಗ್ತಿದ್ದೆ, ನಿಜ. ಆದ್ರೆ ನೀವು ಎದುರಿಗೇ ಕೂತಿದ್ರಿ. ಅಕ್ಕನ ಮಾತು ಆಫೀಸಲ್ಲಿ ಕೇಳಬಾರ್ದು ಅನ್ನಿಸ್ತು. ಅದೂ ಅಲ್ದೆ ಟಿಕ್ ಹಾಕಿದ್ದು ನನ್ನ ಕೈ. ನಿಮ್ಮ ಬಗ್ಗೆ ನಿಮ್ಮನ್ನೇ ಕೇಳ್ಬೇಕಿತ್ತು" ಎಂದರು. ಅವರನ್ನು ನಲವತ್ತೊಂದು ಕೋಣೆಗಳಲ್ಲಿ ಕೂರಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ, ಕೂತರು. ಆದರೂ ಅಂದೇ ನನ್ನ ಇಪ್ಪತ್ತು ಉಪಾಯಗಳನ್ನೂ ಹಾಳೆಯಲ್ಲಿ ಬರೆದು ಕೊಟ್ಟೆ.

ಅಕ್ಕ, ಮನೆಯಲ್ಲಿ ಹಾಗೆ ಮಾಡಿದ್ದು ಅಪ್ಪ. ತಮ್ಮ ಅಂಗಡಿಯಲ್ಲಿ ಕೀಲಿ ಕೊರೆಯುವ ಯಂತ್ರದ ಪಕ್ಕ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ "ಒಗ್ಗಿಕೊಳ್ಳಲಿ" ಎಂದದ್ದು ಅವರು. ನೀನು ಶಾಲೆಯ ಚೀಲ ಬಾಗಿಲಲ್ಲೇ ಎಸೆದು ಬಂದು ಹಿಂದೆ ನಿಂತು, ಎರಡೂ ಅಂಗೈಯಿಂದ ನನ್ನ ಕಿವಿ ಮುಚ್ಚುತ್ತಿದ್ದೆ. ಅಪ್ಪ ಬೈದರೂ ತೆಗೆಯುತ್ತಿರಲಿಲ್ಲ. ನನ್ನನ್ನು ಬಲ್ಲವರು ಯಾರು ಎಂದು ಕೇಳಿದಾಗ ನಾನು ಎರಡು ಸಲ ಯೋಚಿಸದೆ ನಿನ್ನ ಹೆಸರು ಬರೆದದ್ದು ಅದಕ್ಕೆ. ನೀನು "ನಾವು" ಎಂದೆಯಲ್ಲ, ಆ ಮಾತಿನಲ್ಲಿ ಅಪ್ಪನ ಪಕ್ಕ ಹೋಗಿ ನಿಂತೆ. ಕಂಪನಿಯವರು ನನ್ನನ್ನು ಹುಚ್ಚಿ ಅಂದುಕೊಂ‍ಡಾರು, ಕೆಲಸ ಹೋದೀತು ಎಂದು ಹೆದರಿ ಹೇಳಿದೆಯಾ, ನಿಜವಾಗಿ ಹಾಗೇ ಅಂದುಕೊಂಡಿದ್ದೀಯಾ, ನನಗೆ ಗೊತ್ತಿಲ್ಲ. ಇದನ್ನೆಲ್ಲ ಮೊದಲೇ ಹೇಳದೆ, ಇಡೀ ಕಥೆಯನ್ನು ನಿನ್ನಿಂದ ಓದಿಸಿ, ರಾಯರ ಅವಸ್ಥೆಗೆ ನೀನೂ ಒಂದೆರಡು ಕಡೆ ನಗುವಂತೆ ಮಾಡಿ, ಕೊನೆಗೆ ಹೇಳುತ್ತಿದ್ದೇನೆ. ಬೇಕೆಂದೇ ಹಾಗೆ ಮಾಡಿದೆ.

ಹೊಸ ಫಾರಮ್ಮನ್ನು ನಾನೇ ತಯಾರಿಸಿದ್ದು. ಒಂದು ಸಾಲು ಖಾಲಿ ಬಿಟ್ಟರೂ ತೆಗೆದುಕೊಳ್ಳಬಾರದು ಎಂಬ ನಿಯಮವೂ ನನ್ನದೇ. ಒಂದನೇ ತಾರೀಖಿನ ಪ್ರವಾಸಕ್ಕೆ ತುಂಬಿ ಕಳಿಸಿದ್ದೆ. ನಿನ್ನೆ ಬೆಳಿಗ್ಗೆ ರಾಯರು ಅದನ್ನು ವಾಪಸು ತಂದು, "ಒಂದು ಸಾಲು ಬಿಟ್ಟಿದ್ದೀರಿ ಮೇಡಂ" ಎಂದು ಮೆಲ್ಲಗೆ ಹೇಳಿ ಹೋದರು. ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಹೆಸರು. ಅಲ್ಲಿ ಬರೆಯಲು ಬೇರೆ ಯಾರೂ ಇಲ್ಲ ಅಕ್ಕ. ಇಪ್ಪತ್ತೈದನೇ ತಾರೀಖಿನೊಳಗೆ ಕೊಡಬೇಕು. ಯಾರ ಹೆಸರು ಬರೆಯಲಿ, ನೀನೇ ಹೇಳು.